500ರ ನೋಟಿನ ಸಂದೇಶದ ಕುರಿತು ಸ್ಪಷ್ಟನೆ

"ಎಟಿಎಂಗಳಲ್ಲಿ ಇನ್ನು 500 ರೂಪಾಯಿಯ ನೋಟು ಸಿಗದು, ಕೈಯಲ್ಲಿರುವುದನ್ನು ಬೇಗ ಖರ್ಚು ಮಾಡಿ" ಎಂಬ ಸಂದೇಶ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಭಾಗದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ನಮ್ಮ ಗುಂಪಿಗೆ ಅದನ್ನು ಹಾಕಿದವನು ನಾನೇ. ಅದು ತಪ್ಪು.

ಭಾರತೀಯ ರಿಸರ್ವ್ ಬ್ಯಾಂಕು 2025ರ ಏಪ್ರಿಲ್ 28ರಂದು ಹೊರಡಿಸಿದ ಸುತ್ತೋಲೆಯಲ್ಲಿ 500ರ ನೋಟನ್ನು ನಿಲ್ಲಿಸುವ ಮಾತೇ ಇಲ್ಲ; ಹೆಚ್ಚು ಬಳಕೆಯ ಸಣ್ಣ ನೋಟುಗಳು ಜನರಿಗೆ ಸುಲಭವಾಗಿ ಸಿಗಬೇಕೆಂಬ ಉದ್ದೇಶದಿಂದ, 2025ರ ಸೆಪ್ಟೆಂಬರ್ 30ರೊಳಗೆ ಶೇ. 75ರಷ್ಟು ಹಾಗೂ 2026ರ ಮಾರ್ಚ್ 31ರೊಳಗೆ ಶೇ. 90ರಷ್ಟು ಎಟಿಎಂಗಳು ತಮ್ಮೊಳಗಿನ ನೋಟಿನ ಪೆಟ್ಟಿಗೆಗಳಲ್ಲಿ ಕನಿಷ್ಠ ಒಂದರಿಂದ 100 ಅಥವಾ 200ರ ನೋಟು ಕೊಡಬೇಕೆಂದಷ್ಟೇ ಅದು ಹೇಳುತ್ತದೆ. ಉಳಿದ ಪೆಟ್ಟಿಗೆಗಳಲ್ಲಿ 500ರ ನೋಟು ತುಂಬಲು ಅಡ್ಡಿಯಿಲ್ಲ. ಅದರ ಪೂರೈಕೆ ನಿಲ್ಲಿಸುವ ಪ್ರಸ್ತಾವವಿಲ್ಲವೆಂದು ಕೇಂದ್ರ ಸರಕಾರವೂ 2025ರ ಆಗಸ್ಟಿನಲ್ಲಿ ರಾಜ್ಯಸಭೆಗೆ ತಿಳಿಸಿದೆ.

ನಿಜಕ್ಕೂ ಈ ಸೂಚನೆ ನಮಗೆ ಅನುಕೂಲವೇ: ಮಳೆಗಾಲದಲ್ಲಿ ನೆಟ್‌ವರ್ಕ್ ಹೋದಾಗ ಬಸ್ಸಿಗೂ ಮೀನಿಗೂ ಬೇಕಾಗುವುದು ಚಿಲ್ಲರೆಯೇ ತಾನೆ? ಅಡಿಕೆ ಮಾರಿದ ಹಣವನ್ನು ಮನೆಯಲ್ಲಿಟ್ಟಿರುವ ಹಿರಿಯರು ಗಾಬರಿಪಡಬೇಕಾಗಿಲ್ಲ. ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ; ಈಗಾಗಲೇ ಕಳುಹಿಸಿದ್ದರೆ ಅಲ್ಲಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.