ಬೇರು ಬಂತಾ?

ಇವತ್ತು ಬೆಳಿಗ್ಗೆ ಕುಕ್ಕರ್ ಕೂಗುವ ಹೊತ್ತಿಗೆ ಮಾವ ಬಾಲ್ಕನಿಯಿಂದ ಒಳಗೆ ಬಂದು ಹೇಳಿದರು: "ಆ ಮೂರನೇ ಲೋಟದ ಕಡ್ಡಿಗೆ ಬುಡದಲ್ಲಿ ಬೂಷ್ಟು ಹಿಡಿದಿತ್ತಮ್ಮ. ಉಗುರಲ್ಲಿ ಕೆರೆದು ತೆಗೆದುಬಿಟ್ಟೆ."

ಬೂಷ್ಟಲ್ಲ ಅದು. ಕಡ್ಡಿ ಕತ್ತರಿಸಿದ ಗಾಯದ ಮೇಲೆ ಬಿಳಿಯಾಗಿ ಉಬ್ಬುವ ಕ್ಯಾಲಸ್. ಕಡ್ಡಿ ಬದುಕಿದೆ, ಬೇರು ಹಿಂದೆಯೇ ಬರಬಹುದು ಅಂತ ಅರ್ಥ. ಇಡೀ ಪ್ರಯೋಗದ ಒಂದೇ ಒಂದು ಒಳ್ಳೆ ಸುದ್ದಿ ಮಾವನ ಹೆಬ್ಬೆರಳಿನ ಉಗುರಲ್ಲಿತ್ತು.

ಪ್ರಯೋಗ ಮಗಳದ್ದು, ಸ್ಕೂಲ್ ಪ್ರಾಜೆಕ್ಟ್. ಅಂದಮೇಲೆ ಮಾಡೋರು ಯಾರು ಅಂತ ನಿಮಗೂ ಗೊತ್ತಲ್ವಾ. ಒಂದೇ ದಾಸವಾಳದ ಗಿಡದಿಂದ ಪೆನ್ಸಿಲ್ ದಪ್ಪದ ಕಡ್ಡಿಗಳು. ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ತುದಿಯ ಒಂದೆರಡು ಎಲೆ ಬಿಟ್ಟು ಉಳಿದದ್ದು ತೆಗೆದು, ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿದ ಲೋಟಗಳಲ್ಲಿ ನೆಟ್ಟಿದ್ದು. ಕೆಲವಕ್ಕೆ ನರ್ಸರಿಯಲ್ಲಿ ಸಿಗುವ ಬೇರು ಬರಿಸುವ ಪುಡಿ, ಅಂದರೆ ಐಬಿಎ ಹಾರ್ಮೋನು. ಕೆಲವಕ್ಕೆ ಜೇನುತುಪ್ಪ, ಕೆಲವಕ್ಕೆ ಲೋಳೆಸರ. ಉಳಿದವಕ್ಕೆ ಏನೂ ಇಲ್ಲ, ಅವು ಹೋಲಿಸಿ ನೋಡೋಕೆ ಇಟ್ಟ ಕಂಟ್ರೋಲ್. ನೀರು, ನೆರಳು ಎಲ್ಲಕ್ಕೂ ಸಮ. ಇಲ್ಲದಿದ್ದರೆ ಯಾವುದರಿಂದ ಬೇರು ಬಂತು ಅಂತ ಹೇಳೋದು ಹೇಗೆ?

"ಪಾಪ, ಇದಕ್ಕೇನೂ ಹಾಕಿಲ್ವಾ" ಅಂತ ನಮ್ಮ ಯಜಮಾನರು ಒಂದು ಕಂಟ್ರೋಲ್ ಲೋಟಕ್ಕೆ ಅಕ್ಕಿ ತೊಳೆದ ನೀರು ಸುರಿದರು. ಅದನ್ನು ಹೇಗೋ ನುಂಗಿಕೊಂಡೆ.

ಮಾವನದ್ದು ನುಂಗೋಕಾಗಲ್ಲ. ವಾಕಿಂಗ್ ಮುಗಿಸಿ ಬಂದವರು ಪೇಪರ್ ಕೂಡ ಮುಟ್ಟುವುದಿಲ್ಲ, ಸೀದಾ ಬಾಲ್ಕನಿ. ಕನ್ನಡಕ ಹಣೆಗೇರಿಸುತ್ತಾರೆ. ಎರಡು ಬೆರಳಲ್ಲಿ ಕಡ್ಡಿಯನ್ನು ಮೆಲ್ಲಗೆ ಎಳೆಯುತ್ತಾರೆ. ಬುಡಕ್ಕೆ ಅಂಟಿದ್ದನ್ನೆಲ್ಲ, ಹಾರ್ಮೋನ್ ಪುಡಿ ಸಮೇತ, ಹೆಗಲ ಟವೆಲ್ಲಿಗೆ ಒರೆಸಿ ಕಣ್ಣಿನ ಹತ್ತಿರ ಹಿಡಿಯುತ್ತಾರೆ. "ಇನ್ನೂ ಇಲ್ಲ" ಅಂತ ಮನೆಗೆಲ್ಲ ಕೇಳುವಂತೆ ಹೇಳಿ ಮತ್ತೆ ಅದೇ ತೂತಿಗೆ ತುರುಕುತ್ತಾರೆ. ಮುಂದಿನ ಲೋಟ. "ಇನ್ನೂ ಇಲ್ಲ."

"ದಾಸವಾಳಕ್ಕೆ 3-4 ವಾರವಾದರೂ ಬೇಕು ಮಾವ. ಎಳೇ ಬೇರು, ಎಳೆದರೆ ಕಿತ್ತುಹೋಗುತ್ತೆ."

"ಬೇರೇ ಬಂದಿಲ್ಲವಲ್ಲಮ್ಮ, ಕಿತ್ತುಹೋಗೋಕೆ?"

ಹೊರಗಿನಿಂದಲೇ ಕಾಣಲಿ ಅಂತ ಪಾರದರ್ಶಕ ಲೋಟ ತಂದೆ. ಬೇರು ನಡುವೆ ಇದ್ದರೆ ಕಾಣಲ್ಲವಲ್ಲ ಅಂತ ಅದರಿಂದಲೂ ಎಳೆದರು. ಒಂದು ಕಡ್ಡಿ ಚಿಗುರಿದಾಗ, ಇನ್ನಾದರೂ ಬಿಡುತ್ತಾರೆ ಅಂದುಕೊಂಡೆ. ಬೇರಿಲ್ಲದಿದ್ದರೂ ಕಡ್ಡಿಯೊಳಗೆ ಉಳಿದ ಆಹಾರದಲ್ಲೇ ಚಿಗುರಬಹುದು ಅಂತ ಮೊಮ್ಮಗಳು ಹೇಳಿಕೊಟ್ಟಳು. ಮಾರನೇ ದಿನ ಅದನ್ನೇ ಮೊದಲು ಎಳೆದರು.

ಆ ತಾಯಿಗಿಡ ನಮ್ಮ ಅತ್ತೆಯದು. ಅವರು ಮಳೆ ಶುರುವಾದ ಮೇಲೆ ಸುಮ್ನೆ ಒಂದು ಟೊಂಗೆ ಮುರಿದು ಬೇಲಿ ಸಂದಿಗೆ ಸಿಕ್ಕಿಸಿ, ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ತಿರುಗಿಯೂ ನೋಡುತ್ತಿರಲಿಲ್ಲ. ಹಬ್ಬದ ಹೊತ್ತಿಗೆ ಪೂಜೆಗೆ ಹೂವು ಬೇರೆ ಕಡೆಯಿಂದ ತಂದ ನೆನಪಿಲ್ಲ. ಈಗ ಅವರಿಲ್ಲ. ಮಾವ ದಿನಾ ಎದ್ದು ಕಡ್ಡಿ ನೋಡುವುದು ಯಾಕೆ ಅಂತ ನನಗೆ ಅರ್ಥವಾಗುತ್ತದೆ. ಆದರೂ ಉಗುರಲ್ಲಿ ಕೆರೆಯೋದಾ?

"ಪ್ರಯೋಗವೇ ಕೆಟ್ಟುಹೋಯ್ತು ಮಾವ" ಅಂದೆ, ಸ್ವಲ್ಪ ಜೋರಾಗಿಯೇ.

"ಹೇಗೆ ಕೆಡುತ್ತೆ? ನಿನ್ನ ಗಂಡನ ಥರ ಒಂದಕ್ಕೆ ಮಾತ್ರ ಮಾಡಿಲ್ಲ ನಾನು. ಎಲ್ಲವನ್ನೂ ದಿನಾ ಒಂದೇ ಹೊತ್ತಿಗೆ, ಒಂದೇ ಥರ ಕಿತ್ತು ನೋಡಿದ್ದೀನಿ."

ಮಗಳು ಯೋಚಿಸಿದಳು. "ತಾತ ಹೇಳೋದು ಕರೆಕ್ಟ್ ಅಮ್ಮ" ಅಂದು ರೆಕಾರ್ಡ್ ಪುಸ್ತಕ ತೆಗೆದಳು. 'ಎಲ್ಲಾ ಲೋಟಗಳಿಗೂ ಸಮಾನವಾಗಿದ್ದ ಅಂಶಗಳು: ಕೋಕೋಪೀಟ್, ನೀರು, ನೆರಳು' ಅಂತ ಇದ್ದ ಕಡೆ ಕಾಮಾ ಹಾಕಿ 'ತಾತ' ಅಂತ ಸೇರಿಸಿದಳು.

"ಕೆರೆದದ್ದು ಮೂರನೇದನ್ನು ಮಾತ್ರ ಅಲ್ವಾ?" ಅಂದೆ.

ಮಾವ ಪೇಪರ್ ಬಿಡಿಸುತ್ತಾ ಹೇಳಿದರು: "ಉಳಿದವಕ್ಕೂ ಬರಲಿ ತಡಿಯಮ್ಮ, ಕೆರೆಯೋಣ."