ಹತ್ತು ರೂಪಾಯಿ ನಾಣ್ಯ ನಡೆಯುತ್ತೆ
"ರೂಪಾಯಿ ಚಿಹ್ನೆ ಇಲ್ಲದ, 15 ಗೆರೆಗಳ ಹತ್ತರ ನಾಣ್ಯ ನಕಲಿ, ತಗೋಬೇಡಿ" ಅನ್ನೋ ಮೆಸೇಜ್ ಮತ್ತೆ ಹರಿದಾಡುತ್ತಿದೆ. ಇದು ಸುಳ್ಳು.

ನಮ್ಮ ರೂಪಾಯಿ ಚಿಹ್ನೆ ಬಂದದ್ದೇ 2010ರಲ್ಲಿ. ಅದಕ್ಕೂ ಮೊದಲು ಅಚ್ಚಾದ ನಾಣ್ಯದಲ್ಲಿ ಆ ಚಿಹ್ನೆ ಎಲ್ಲಿಂದ ಬರಬೇಕು, ಅಲ್ವಾ? ಆಗಿನ ವಿನ್ಯಾಸದಲ್ಲಿ 15 ಗೆರೆ ಇತ್ತು, ಚಿಹ್ನೆ ಬಂದ ಮೇಲೆ 10 ಆಯಿತು. ಎರಡೂ ಅಸಲಿ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ: ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ.

ಸೊಪ್ಪು ಮಾರುವ ಅಜ್ಜಿಗೆ ನಾಣ್ಯ ವಾಪಸ್ ಕೊಟ್ಟರೆ ನಷ್ಟ ಅವರಿಗೇ. ಅದು ನನಗೆ ತುಂಬಾ ಬೇಸರದ ವಿಷಯ. ನಾಣ್ಯ ಕಾಯ್ದೆ ಪ್ರಕಾರ ಒಂದು ಸಲಕ್ಕೆ 1,000 ರೂಪಾಯಿವರೆಗೆ ನಾಣ್ಯದಲ್ಲೇ ಕೊಡಬಹುದು. ಅಂಗಡಿಯವರು ಬೇಡ ಅಂದರೆ ಇದನ್ನು ಸಮಾಧಾನವಾಗಿ ಹೇಳಿ.