ಸಿಇಟಿ ಗಣಿತ ಸಾಕೇ, ಜೆಇಇಗೂ ಕೂರಬೇಕೇ?

ಪರ: ಕಷ್ಟದ ಪತ್ರಿಕೆಯನ್ನೂ ಬರೆಯಲಿ

ಇಂಜಿನಿಯರಿಂಗ್ ಸೀಟಿಗೆ ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ, ದೇಶಮಟ್ಟದ್ದು ಜೆಇಇ. ಅರ್ಜಿ ಹಾಕುವ ದಿನ ಹತ್ತಿರ ಬಂದಾಗ ಪ್ರತಿ ವರ್ಷವೂ ನನ್ನ ತರಗತಿಯಲ್ಲಿ ಒಂದೇ ಮಾತು: "ಸರ್, ಜೆಇಇ ನಮ್ಮಂಥವರಿಗಲ್ಲ, ಸಿಇಟಿ ಸಾಕು." ಹಾಗೆ ಹೇಳುವವರು ಓದಿನಲ್ಲಿ ಹಿಂದಿರುವವರಲ್ಲ, ಎಷ್ಟೋ ಸಲ ತರಗತಿಗೇ ಮೊದಲಿಗರು. ವಿರಾಜಪೇಟೆ ಕಡೆ 20 ವರ್ಷ ಪಿಯು ಮಕ್ಕಳಿಗೆ ಗಣಿತ ಹೇಳಿಕೊಟ್ಟ ಮೇಲೂ ಈ ಮಾತು ಕೇಳಿದರೆ ಸಂಕಟವಾಗುತ್ತದೆ.

ಒಂದು ಲೆಕ್ಕ ಹಿಡಿದೇ ಹೇಳುತ್ತೇನೆ. ಸೈನ್ ಎಕ್ಸ್‌ನ ವರ್ಗಮೂಲ ಮೇಲೆ, ಸೈನ್ ಮತ್ತು ಕಾಸ್‌ಗಳ ವರ್ಗಮೂಲ ಕೂಡಿಸಿದ್ದು ಕೆಳಗೆ. ಇದನ್ನು ಸೊನ್ನೆಯಿಂದ ಪೈ ಬೈ 2ರವರೆಗೆ ಇಂಟಿಗ್ರೇಟ್ ಮಾಡಿ ಎಂದರೆ ಎರಡನೇ ಪಿಯು ಹುಡುಗ ಪೆನ್ನೂ ಎತ್ತದೆ ಪೈ ಬೈ 4 ಅನ್ನುತ್ತಾನೆ. ಬಾಯಿಪಾಠ. ಈಗ ಮಿತಿಗಳನ್ನು ಬದಲಿಸಿ, ಪೈ ಬೈ 6ರಿಂದ ಪೈ ಬೈ 3 ಎಂದು ಕೊಡಿ. ಅರ್ಧ ತರಗತಿ ಆಗಲೂ ಪೈ ಬೈ 4 ಎಂದೇ ಬರೆಯುತ್ತದೆ. ಎಕ್ಸ್ ಇದ್ದಲ್ಲಿ ಪೈ ಬೈ 2 ಮೈನಸ್ ಎಕ್ಸ್ ಹಾಕಿ, ಎರಡನ್ನೂ ಕೂಡಿಸಿದರೆ ಒಳಗೆ ಉಳಿಯುವುದು ಬರೀ 1. ಹಾಗಾಗಿ ಉತ್ತರ ಮಿತಿಗಳ ವ್ಯತ್ಯಾಸದ ಅರ್ಧ, ಪೈ ಬೈ 12. ಅಷ್ಟು ತಿಳಿದವನಿಗೆ ಎರಡೂ ಒಂದೇ ಲೆಕ್ಕ. ಎರಡೂ ಬಗೆಯವು ನಮ್ಮ ಪಠ್ಯಪುಸ್ತಕದಲ್ಲೇ ಇವೆ.

ಆದರೆ ಸಿಇಟಿಗೆ ಮಾತ್ರ ಓದುವ ಮಗು ಎರಡನೆಯದರ ಹತ್ತಿರ ನಿಲ್ಲುವುದೇ ಇಲ್ಲ. 80 ನಿಮಿಷಕ್ಕೆ 60 ಪ್ರಶ್ನೆ. ಉತ್ತರ ತಪ್ಪಾದರೆ ಅಂಕ ಕಡಿತವಿಲ್ಲ. ಹೀಗಿದ್ದರೆ ಸೂತ್ರ ನೆನಪಿಟ್ಟುಕೊಂಡು ಓಡುವುದೇ ಜಾಣತನವಾಗುತ್ತದೆ. ಜೆಇಇ ಮೇನ್‌ನಲ್ಲಿ ಗಣಿತಕ್ಕೆ 25 ಪ್ರಶ್ನೆ. ಮೂರು ವಿಷಯಕ್ಕೂ ಸೇರಿ 3 ಗಂಟೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಅಲ್ಲಿ ಯೋಚಿಸಲು ಜಾಗವಿದೆ, ನನಗೆ ಇದು ಗೊತ್ತಿಲ್ಲ ಎಂದು ಒಪ್ಪಿಕೊಂಡು ಮುಂದೆ ಹೋಗುವ ಶಿಸ್ತೂ ಬೇಕು. ಆ ಶಿಸ್ತು ಗಣಿತದ ಅರ್ಧ ವಿದ್ಯೆ ಎಂದೇ ನಾನು ನಂಬಿದ್ದೇನೆ.

ಇನ್ನು ಸೀಟಿನ ವಿಷಯ. ನಮ್ಮ ಬೆಟ್ಟ ಇಳಿದರೆ ಸುರತ್ಕಲ್. ಅಲ್ಲಿನ ಕೇಂದ್ರ ಸರ್ಕಾರದ ಇಂಜಿನಿಯರಿಂಗ್ ಕಾಲೇಜಾದ ಎನ್‌ಐಟಿಯ ಅರ್ಧದಷ್ಟು ಸೀಟು ಕರ್ನಾಟಕದ ಮಕ್ಕಳಿಗೇ ಮೀಸಲು. ಸಿಇಟಿಯಲ್ಲಿ ಮೊದಲ ರ‍್ಯಾಂಕ್ ಬಂದರೂ ಆ ಬಾಗಿಲು ತೆರೆಯದು, ಅದಕ್ಕೆ ಜೆಇಇಯೇ ಆಗಬೇಕು. ಪ್ರಶ್ನೆಪತ್ರಿಕೆ 2021ರಿಂದ ಕನ್ನಡದಲ್ಲೂ ಸಿಗುತ್ತಿದೆ.

1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿಯನ್ನು ನೋಡುತ್ತಾ ಬೆಳೆದ ನಾಡು ನಮ್ಮದು. ಎದುರಿನ ತಂಡ ಗಟ್ಟಿಯಿದೆಯೆಂದು ಯಾವ ಮನೆಯವರೂ ಮೈದಾನಕ್ಕಿಳಿಯದೆ ಉಳಿದಿಲ್ಲ. ಗಣಿತಕ್ಕೆ ಬಂದಾಗ ಮಾತ್ರ ಮಕ್ಕಳನ್ನು ಯಾಕೆ ಹಿಂದಕ್ಕೆಳೆಯುತ್ತೇವೆ?

ವಿರೋಧ: ಸಿಇಟಿಯೊಂದನ್ನೇ ಚೆನ್ನಾಗಿ ಬರೆಯಲಿ

ಮೇಷ್ಟ್ರ ಮಾತು ಓದಿದೆ. ಅವರ ಕಾಳಜಿ ನಿಜವಾದದ್ದು. ನನ್ನ ಮಗನಿಗೂ ಇಂಥ ಮೇಷ್ಟ್ರು ಸಿಕ್ಕಿದ್ದರೆ ನಾನು ಇದನ್ನು ಬರೆಯಬೇಕಾಗಿ ಬರುತ್ತಿರಲಿಲ್ಲವೇನೋ. ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮಗ ಎರಡೂ ಪರೀಕ್ಷೆ ಬರೆದ. ಏನಾಯಿತೆಂದು ಹೇಳುತ್ತೇನೆ.

ಕೊಡಗಿಗೆ ರೈಲಿಲ್ಲ. ಜೆಇಇ ಕೋಚಿಂಗ್ ಎಂದರೆ ಮೈಸೂರು. ಶನಿವಾರ ಕಾಲೇಜು ಮುಗಿಸಿ ಬಸ್ಸು ಹತ್ತಿದರೆ ಭಾನುವಾರ ರಾತ್ರಿ ಮನೆಗೆ. ಮಳೆ ಹಿಡಿದ ಮೇಲೆ ಅದೂ ನಿಂತಿತು, ಆನ್‌ಲೈನ್ ಎಂದರು. ಜುಲೈಯಲ್ಲಿ ನಮ್ಮ ಕಡೆ ಮೂರು ದಿನ ಕರೆಂಟ್ ಹೋದರೆ ನಾಲ್ಕನೇ ದಿನ ಟವರ್ ಹೋಗುತ್ತದೆ. ಹಣ ಮೊದಲೇ ಕಟ್ಟಿಯಾಗಿತ್ತು. ತಪ್ಪಿಹೋದ ಪಾಠ ಮತ್ತೆ ಹೇಳಿಕೊಡಿ ಎಂದು ಕೇಳಿದರೆ ವಿಡಿಯೋ ನೋಡಿಕೊಳ್ಳಲಿ ಎಂದರು. ನೆಟ್‌ವರ್ಕೇ ಇಲ್ಲದೆ ವಿಡಿಯೋ ಎಲ್ಲಿಂದ ನೋಡುವುದು?

ಜನವರಿಯಲ್ಲಿ ಮೊದಲ ಸಲದ ಜೆಇಇ. ಕಾಫಿ ಕೊಯ್ಲು ಜೋರಾಗಿ ನಡೆದ ಹೊತ್ತು, ಕೊಯ್ದದ್ದನ್ನು ಕಣದಲ್ಲಿ ಹರವಿತ್ತು. ಎಲ್ಲ ಬಿಟ್ಟು ಮಗನನ್ನು ಪರೀಕ್ಷೆಗೆ ಕರೆದುಕೊಂಡು ಹೋದೆ. ನಿರೀಕ್ಷಿಸಿದಷ್ಟು ಅಂಕ ಬರಲಿಲ್ಲ. ಏಪ್ರಿಲ್‌ನಲ್ಲಿ ಇನ್ನೊಂದು ಅವಕಾಶ ಇದೆಯಲ್ಲ ಎಂದು ಮಾರ್ಚಿಯ ಬೋರ್ಡ್ ಪರೀಕ್ಷೆ ಹತ್ತಿರ ಬಂದರೂ ಜೆಇಇ ಪುಸ್ತಕವೇ ಕೈಯಲ್ಲಿ. ನಾನೂ ಬೇಡ ಅನ್ನಲಿಲ್ಲ. ಇಂಜಿನಿಯರಿಂಗ್ ಸೀಟಿಗೆ ಸಿಇಟಿ ರ‍್ಯಾಂಕ್ ಲೆಕ್ಕ ಹಾಕುವಾಗ ಅರ್ಧ ಪಾಲು ಎರಡನೇ ಪಿಯು ಅಂಕದ್ದೇ ಎಂಬುದು ಗೊತ್ತಿದ್ದೂ ಮರೆತೆವು.

ಸಿಇಟಿ ದಿನ ನಡೆದದ್ದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಗಣಿತದಲ್ಲಿ 11 ಪ್ರಶ್ನೆ ಖಾಲಿ ಬಿಟ್ಟು ಬಂದಿದ್ದ. ಯಾಕಪ್ಪಾ ಎಂದರೆ, "ಅಮ್ಮಾ, ಗ್ಯಾರಂಟಿ ಇರಲಿಲ್ಲ, ಅದಕ್ಕೇ ಮುಟ್ಟಲಿಲ್ಲ." ಕಡಿತವೇ ಇಲ್ಲದ ಪರೀಕ್ಷೆಯಲ್ಲಿ! ಮೇಷ್ಟ್ರು ಶಿಸ್ತು ಎಂದರಲ್ಲ, ಅದೇ ಶಿಸ್ತು. ಎರಡು ವರ್ಷ ಕೈಗೆ ಹತ್ತಿದ ಅಭ್ಯಾಸ 80 ನಿಮಿಷದಲ್ಲಿ ಬಿಡುವುದಿಲ್ಲ. ಸಿಇಟಿಯನ್ನು ಸುಲಭ ಅನ್ನುವುದೂ ಅಷ್ಟು ಸರಿಯಲ್ಲ. ಒಂದು ಲೆಕ್ಕಕ್ಕೆ 80 ಸೆಕೆಂಡ್ ಅಂದರೆ ಅದರ ಕಷ್ಟವೇ ಬೇರೆ, ಅದಕ್ಕೆ ಬೇರೆಯದೇ ತಯಾರಿ ಬೇಕು. ಜೆಇಇ ಓದಿದವನಿಗೆ ಸಿಇಟಿ ತಾನಾಗಿ ಬರುತ್ತದೆ ಎಂದು ನಮಗೆ ಹೇಳಿದವರು ಬಹಳ ಜನ. ನಮ್ಮ ಮನೆಯಲ್ಲಿ ಬರಲಿಲ್ಲ.

ಇನ್ನೊಂದು ವಿಷಯ. ಸಿಇಟಿಯಲ್ಲಿ ಗ್ರಾಮೀಣ ಮಕ್ಕಳಿಗೆ 15 ಶೇಕಡಾ, ಕನ್ನಡ ಮಾಧ್ಯಮದವರಿಗೆ 5 ಶೇಕಡಾ ಮೀಸಲಿದೆ. ಹಳ್ಳಿಯ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಓದಿದ ನಮ್ಮ ಮಕ್ಕಳು ಎಲ್ಲಿಂದ ಬಂದವರು ಎಂಬುದು ಆ ಪರೀಕ್ಷೆಗೆ ಗೊತ್ತು. ಜೆಇಇಗೆ ಗೊತ್ತಿಲ್ಲ. ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗೆ, ಪೊನ್ನಂಪೇಟೆಯ ಕಾಲೇಜಿಗೆ, ಮೈಸೂರಿನ ಕಾಲೇಜುಗಳಿಗೆ ದಾರಿ ಇದೇ ಸಿಇಟಿ. ಸುರತ್ಕಲ್ ದೊಡ್ಡದು, ನಿಜ. ಆದರೆ ಅದೊಂದಕ್ಕಾಗಿ ಉಳಿದದ್ದನ್ನೆಲ್ಲ ಪಣಕ್ಕಿಡುವವರು ಕೈಯಲ್ಲಿ ಇನ್ನೊಂದು ವರ್ಷ ಕೂರಿಸುವಷ್ಟು ದುಡ್ಡಿದ್ದವರು.

ಮಗ ಈಗ ಮೈಸೂರಿನಲ್ಲಿ ಸಿವಿಲ್ ಓದುತ್ತಿದ್ದಾನೆ. ಸೀಟಿನ ದುಃಖ ನನಗಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೆಂದರೆ ಊಟ ಬಿಟ್ಟು ಕೂರುತ್ತಿದ್ದ ಹುಡುಗ, "ನನಗೆ ಗಣಿತ ಹತ್ತಲ್ಲ ಅಮ್ಮ" ಅನ್ನುವುದನ್ನು ಕೇಳಬೇಕಾಯಿತಲ್ಲ, ಅದನ್ನು ಮರೆಯಲು ಆಗುತ್ತಿಲ್ಲ.

ಹಾಕಿಯ ಮಾತಿಗೆ ನನ್ನ ಉತ್ತರ ಇಷ್ಟೇ. ನಮ್ಮ ಹುಡುಗರು ಗಟ್ಟಿ ತಂಡದ ಎದುರು ಆಡುತ್ತಾರೆ, ಯಾಕೆಂದರೆ ಊರಲ್ಲಿ ಮೈದಾನವಿದೆ, ಸ್ಟಿಕ್ ಹಿಡಿಯಲು ಕಲಿಸುವ ಚಿಕ್ಕಪ್ಪ, ದೊಡ್ಡಪ್ಪ ಇದ್ದಾರೆ. ಜೆಇಇ ಗಣಿತಕ್ಕೆ ನಮ್ಮೂರಲ್ಲಿ ಯಾರಿದ್ದಾರೆ?

ಪೈ ಬೈ 12ರ ಲೆಕ್ಕ ಪಠ್ಯಪುಸ್ತಕದಲ್ಲೇ ಇದೆ ಎಂದು ಮೇಷ್ಟ್ರೇ ಬರೆದಿದ್ದಾರೆ. ಹಾಗಾದರೆ ಅದನ್ನು ಕಲಿಸಲು ಜೆಇಇ ಯಾಕೆ ಬೇಕು? ಕಾಲೇಜಿನಲ್ಲೇ, "ಯಾಕೆ" ಎಂದು ಕೇಳುತ್ತಾ ಕಲಿಸಬಹುದಲ್ಲ. ಮಗಳು ಈಗ ಎರಡನೇ ಪಿಯು. ಜೆಇಇ ಅರ್ಜಿ ಹಾಕಿಸಿಲ್ಲ. ಬೋರ್ಡಿಗೂ ಸಿಇಟಿಗೂ ಒಂದೇ ಪುಸ್ತಕವನ್ನು ಎರಡೆರಡು ಸಲ ಮಾಡುತ್ತಿದ್ದಾಳೆ, ಹಿಂದಿನ ಪುಟಗಳ ಕಷ್ಟದ ಲೆಕ್ಕವನ್ನೂ ಬಿಡದೆ. ಮೇಷ್ಟ್ರು ಶನಿವಾರ ಮಧ್ಯಾಹ್ನ ಈ ಕಡೆ ಬಂದು ಹೇಳಿಕೊಡುವುದಾದರೆ, ನಮ್ಮ ಜಗಲಿಯಲ್ಲಿ ಹತ್ತು ಮಕ್ಕಳನ್ನು ಕೂರಿಸುವ ಜವಾಬ್ದಾರಿ ನನ್ನದು.